ಹತ್ತನೆಯ ಹೆಸರು

ನಮ್ಮ ಶಾಲೆಯ ಲಾಗಿನ್‌ಗೆ ಬೇಕಾದ ಒಟಿಪಿ ನನ್ನ ಗಂಡನ ಫೋನಿಗೆ ಬರುತ್ತಿತ್ತು. ಅವರು ತೀರಿಕೊಂಡಿದ್ದು ಏಪ್ರಿಲ್ ಕೊನೆಯಲ್ಲಿ. ಮೇ ತಿಂಗಳಲ್ಲಿ ಬಟ್ಟೆಗಳನ್ನು ಯಾರಿಗೋ ಕೊಟ್ಟೆವು, ಸ್ಕೂಟರನ್ನು ಮೈದುನ ತೆಗೆದುಕೊಂಡು ಹೋದ. ಫೋನನ್ನು ಮಾತ್ರ ನಾನು ಬಿಡಲಿಲ್ಲ. ನೆನಪಿಗೆ ಇಟ್ಟುಕೊಂಡಿದ್ದೇನೆ ಎಂದು ಮನೆಯವರು ತಿಳಿದರು. ಅದು ಅರ್ಧ ನಿಜ. ಜೂನ್‌ನಲ್ಲಿ ದಾಖಲಾತಿ ಶುರುವಾದರೆ ಆ ಫೋನಿಲ್ಲದೆ ನನ್ನಿಂದ ಒಂದು ಮಗುವಿನ ಹೆಸರನ್ನೂ ಸೇರಿಸಲು ಆಗುತ್ತಿರಲಿಲ್ಲ ಎಂಬುದು ಉಳಿದ ಅರ್ಧ.

ಅವರಿಗೆ ದೊಡ್ಡಬಳ್ಳಾಪುರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇತ್ತು. ಒಂಬತ್ತು ವರ್ಷ ನನ್ನ ಶಾಲೆಯ ಆನ್‌ಲೈನ್ ಕೆಲಸವನ್ನೆಲ್ಲ ಅವರೇ ಮಾಡಿಕೊಟ್ಟರು. ನಾನು ಕಾಗದದ ಮೇಲೆ ಬರೆದು ತರುತ್ತಿದ್ದೆ, ಅವರು ಅಂಗಡಿಯಲ್ಲಿ ಕೂತು ಟೈಪ್ ಮಾಡುತ್ತಿದ್ದರು. ಸುಮ್ಮನೆ ಟೈಪ್ ಮಾಡುವವರಲ್ಲ. "ಈ ಮಗೂದು ಅಮ್ಮನ ಹೆಸರು ಆಧಾರ್‌ನಲ್ಲಿ ಬೇರೆ ಇದೆಯಲ್ಲ, ಯಾಕೆ?" ಎಂದು ಕೇಳುವರು. ಉತ್ತರ ಸಿಗುವ ತನಕ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಆಗ ನನಗೆ ಸಿಟ್ಟು ಬರುತ್ತಿತ್ತು.

ಶಾಲೆ ಚಿಕ್ಕದು. ಒಂದರಿಂದ ಐದನೇ ತರಗತಿ, ಎರಡು ಕೊಠಡಿ, ಒಂದು ಅಡುಗೆ ಮನೆ. ಜೊತೆಯಲ್ಲಿದ್ದ ಹಿರಿಯ ಶಿಕ್ಷಕಿ ನಿವೃತ್ತರಾದ ಮೇಲೆ ಕಾಯಂ ಶಿಕ್ಷಕಿ ನಾನೊಬ್ಬಳೇ. ಜೊತೆಗೆ ಒಬ್ಬ ಅತಿಥಿ ಶಿಕ್ಷಕಿ, ಬಿಸಿಯೂಟ ಮಾಡುವ ಒಬ್ಬ ಅಡುಗೆಯಕ್ಕ. ಶಾಲೆ ತೆರೆದ ಮೊದಲ ದಿನವೇ ನಮ್ಮ ಕ್ಲಸ್ಟರಿನ ಸಿಆರ್‌ಪಿ ಬಂದರು. ಸುತ್ತಲಿನ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವವರು ಅವರು. ನಿಂತುಕೊಂಡೇ ಹೇಳಿದರು.

"ಮೇಡಂ, ಹತ್ತಕ್ಕಿಂತ ಕಮ್ಮಿ ಮಕ್ಕಳಿರೋ ಶಾಲೆಗಳ ಪಟ್ಟಿ ಕೇಳ್ತಾರೆ ಈ ಸಲ. ಪಟ್ಟೀಲಿ ಬಂದ್ರೆ ಹೈವೇ ಆಚೆ ಶಾಲೆಗೆ ಸೇರಿಸ್ಬಿಡ್ತಾರೆ. ಹೆಂಗಾದ್ರೂ ಮಾಡಿ ಹತ್ತು ಮಾಡ್ಕೊಳಿ."

ಹೈವೇ ಆಚೆಯ ಶಾಲೆ ಒಂದೂವರೆ ಕಿಲೋಮೀಟರ್. ತೊಂದರೆ ದೂರದ್ದಲ್ಲ. ನಡುವೆ ಲಾರಿಗಳು ಓಡುವ ರಸ್ತೆ, ದಾಟಲು ಸೇತುವೆಯಿಲ್ಲ, ಸಿಗ್ನಲ್ ಇಲ್ಲ. ಒಂದನೇ ತರಗತಿಯ ಮಗುವನ್ನು ಆ ರಸ್ತೆಯಲ್ಲಿ ದಿನಕ್ಕೆರಡು ಸಲ ದಾಟಿಸಬೇಕು. ಆ ಶಾಲೆಯಲ್ಲಿ ಅಡುಗೆಯವರು ಬೇಕಾದಷ್ಟು ಜನ ಇದ್ದರು. ನಮ್ಮ ಅಡುಗೆಯಕ್ಕನಿಗೆ ಅಲ್ಲಿ ಜಾಗವಿಲ್ಲ ಎಂಬುದು ಸಿಆರ್‌ಪಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆಮನೆಗೆ ಹೋದೆ. ಊರಿನವರ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನ್ ಹತ್ತುತ್ತವೆ. ನಮ್ಮ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಪುಟಕ್ಕೆ ಪುಟ ಇದೇ ಊರಿನ ಒಕ್ಕಲು ಮಕ್ಕಳ ಹೆಸರು. ಜಾತಿಯ ಕಾಲಂನಲ್ಲಿ ಮೊದಲ ಸಾಲಿನಲ್ಲಿ ಒಮ್ಮೆ ಬರೆದು, ಕೆಳಗೆಲ್ಲ ಎರಡೆರಡು ಗೀಟು ಹಾಕಿ ಮುಗಿಸಿದ್ದಾರೆ. ಈಗಿನ ಪುಟದಲ್ಲಿ ಅಂಥ ಗೀಟು ಹಾಕುವಂತಿಲ್ಲ, ಪ್ರತಿ ಸಾಲೂ ಬೇರೆ. ಮಾತೃಭಾಷೆಯ ಕಾಲಂ ಕೂಡ ಹಾಗೆಯೇ.

ಶಾಲೆಗೆ ಜಾಗ ಕೊಟ್ಟ ಮನೆತನದ ಯಜಮಾನರು ಕುರ್ಚಿ ಹಾಕಿಸಿ ಕಾಫಿ ಕೊಡಿಸಿದರು. ನನ್ನ ಗಂಡನ ವಿಷಯ ಕೇಳಿ ಬೇಸರ ಪಟ್ಟುಕೊಂಡರು.

"ನಾನು ಅದೇ ಸ್ಕೂಲಲ್ಲಿ ಓದ್ದೋನು ಮೇಡಮ್ಮೋರೆ. ಜಾಗ ಕೊಟ್ಟಿದ್ದೂ ನಮ್ಮಪ್ಪಾನೇ. ಆದ್ರೆ ಈಗ ಮನೇಲಿ ನನ್ ಮಾತು ಎಲ್ಲಿ ನಡೀತದೆ? ಸೊಸೇನ ಕೇಳಿ."

ಸೊಸೆ ಬಾಗಿಲಿಗೆ ಬಂದಳು. "ತಪ್ಪು ತಿಳ್ಕೋಬೇಡಿ ಮಿಸ್. ಅಲ್ಲಿ ಒಂದೊಂದು ಕ್ಲಾಸಿಗೆ ಒಬ್ಬೊಬ್ರು ಮಿಸ್ ಇದಾರೆ. ನೀವೊಬ್ರೇ ಐದು ಕ್ಲಾಸ್ ಹೆಂಗೆ ನೋಡ್ಕೊತೀರಾ?"

ನಾನು ಕಾಫಿ ಕುಡಿದು ಎದ್ದೆ. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎರಡು ವಾರದ ನಂತರ ಎಂಟು ಹೆಸರುಗಳಾದವು. ಊರಿನವರು ಇಬ್ಬರು: ಅಡುಗೆಯಕ್ಕನ ಮೊಮ್ಮಗಳು, ಟ್ರ್ಯಾಕ್ಟರ್ ಓಡಿಸುವವರ ಮಗ. ಹಿಂದೂಪುರದ ಕಡೆಯಿಂದ ಬಂದ ತೆಲುಗು ಮನೆಯ ಇಬ್ಬರು. ಕೋಳಿ ಫಾರಂ ಕಾಯುವ ನೇಪಾಳದವರ ಮಗಳು. ಒಡಿಶಾದ ಮೂವರು, ಅವರಿಗೆ ಕನ್ನಡದಲ್ಲಿ "ಮಿಸ್, ನೀರು" ಬಿಟ್ಟು ಬೇರೆ ಮಾತಿಲ್ಲ. ಇಷ್ಟೇ.

ಇವರಲ್ಲದೆ ಇನ್ನೂ ಇಬ್ಬರು ದಿನವೂ ಬರುತ್ತಿದ್ದರು. ಊರಿನಾಚೆ ಪ್ಲಾಸ್ಟಿಕ್ ಚಾವಣಿಯ ಗುಲಾಬಿ ತೋಟಗಳಿವೆ. ಅಲ್ಲಿ ಹೂ ಕೀಳುವ, ಕಟ್ಟುವ ಕೆಲಸಕ್ಕೆ ಯಾದಗಿರಿ ಕಡೆಯವರು ಬಂದಿದ್ದಾರೆ. ಅದರಲ್ಲಿ ಒಂದು ಮನೆಯ ಅಕ್ಕ, ತಮ್ಮ. ಅಕ್ಕ ಐದನೇ ತರಗತಿ, ತಮ್ಮ ಮೂರು. ಅಕ್ಕ ಚೆನ್ನಾಗಿ ಓದುತ್ತಿದ್ದಳು. ನಾನು ಒಂದನೇ ತರಗತಿಯವರ ಜೊತೆ ಕೂತಾಗ ತಾನೇ ಎದ್ದು ಮೂರನೆಯವರಿಗೆ ಮಗ್ಗಿ ಹೇಳಿಸುವಳು. ಆದರೆ ಇವರಿಬ್ಬರ ಹೆಸರು ನನ್ನ ಪಟ್ಟಿಯಲ್ಲಿರಲಿಲ್ಲ. ರಾಜ್ಯದ ಪ್ರತಿ ಮಗುವಿಗೂ ಸ್ಯಾಟ್ಸ್ ಎಂಬ ತಂತ್ರಾಂಶದಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಒಂದು ಸಲಕ್ಕೆ ಒಂದೇ ಶಾಲೆಯಲ್ಲಿ ಇರಬೇಕು. ಇವರ ಸಂಖ್ಯೆ ಅವರ ಊರಿನ ಶಾಲೆಯಲ್ಲಿತ್ತು. ಅಲ್ಲಿಯ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರ ಕೊಟ್ಟರೆ ಮಾತ್ರ ಇಲ್ಲಿಗೆ ಬರುತ್ತದೆ.

ಎಂಟಕ್ಕೆ ಎರಡು ಸೇರಿದರೆ ಹತ್ತು. ನಾನು ಆ ಮೇಷ್ಟ್ರಿಗೆ ಫೋನ್ ಮಾಡಿದೆ.

"ಕೊಡಂಗಿಲ್ಲ ಅಂತಲ್ಲ ಮೇಡಮ್ಮಾರ," ಎಂದರು ಅವರು. "ಸುಗ್ಗಿ ಟೈಮಿಗೆ ಅವರು ಊರಿಗೆ ಬರ್ತಾರ. ಆವಾಗ ನೀವು ಬಿಟ್ಟುಕೊಡಬೇಕು, ನಾ ಮತ್ತ ತಗೋಬೇಕು. ನಡುವ ಹೆಸರು ಎಲ್ಲೋ ಸಿಕ್ಕೊಂಡು ಕುಂದ್ರತದ. ಹೋದ ವರ್ಷ ಒಬ್ಬ ಹುಡುಗಂದು ಹಂಗೇ ಆಗ್ಯದ."

"ಸರ್, ಪಾಠ ಇಲ್ಲಿ ಕೇಳ್ತಿದಾರೆ, ಊಟಾನೂ ಇಲ್ಲೇ ಮಾಡ್ತಿದಾರೆ."

"ಹೌದ್ರೀ. ಅಕ್ಕಿ ನನ್ನ ಕಡೆ ಬರ್ತದ, ಹೊಟ್ಟಿ ನಿಮ್ಮ ಕಡೆ ಅದ. ಏನ್ ಮಾಡೂಣ ಹೇಳ್ರಿ?" ಎಂದು ನಕ್ಕರು. ನಂತರ ಕೇಳಿದರು. "ನಿಮ್ಮ ಸಾಲ್ಯಾಗ ಎಷ್ಟು ಮಂದಿ ಅದಾರ್ರೀ?"

"ಎಂಟು."

"ನನ್ನ ಪುಸ್ತಕದಾಗ ನಲವತ್ತು ಮಂದಿ. ಊರಾಗ ಇರೋರು ಹದಿನೆಂಟು." ಎಂದು ತಮ್ಮ ಲೆಕ್ಕ ಒಪ್ಪಿಸಿದರು. "ಹೆಸರರೆ ಇರ್ಲಿ ಬಿಡ್ರಿ ಮೇಡಮ್ಮಾರ, ಒಂದಿನ ಬರ್ತಾರ," ಎಂದು ಫೋನ್ ಇಟ್ಟರು.

ಆ ಮಾತು ನನಗೆ ನಾಟಿತು. ನಮ್ಮ ಮನೆಯ ರೇಷನ್ ಕಾರ್ಡಿನಲ್ಲಿ ಆಗ ಇನ್ನೂ ಇಬ್ಬರ ಹೆಸರಿತ್ತು.

ಜುಲೈನಲ್ಲಿ ಎರಡು ಸಲ, ಆಗಸ್ಟ್‌ನಲ್ಲಿ ಮೂರು ಸಲ ಆನ್‌ಲೈನ್‌ನಲ್ಲಿ ಕೋರಿಕೆ ಕಳಿಸಿದೆ. ಪ್ರತಿ ಸಲ ನನ್ನ ಗಂಡನ ಫೋನಿಗೆ ಒಟಿಪಿ ಬರುತ್ತಿತ್ತು, ನಾನು ಅದನ್ನು ನೋಡಿ ಹಾಕುತ್ತಿದ್ದೆ. ಅದು ಯಾವಾಗಲೂ ಅವರು ಮಾಡುತ್ತಿದ್ದ ಕೆಲಸವಾದ್ದರಿಂದ ಆರು ಅಂಕೆ ನೋಡಿ ಒತ್ತುವಷ್ಟರಲ್ಲಿ ಒಂದೆರಡು ಸಲ ಸಮಯ ಮೀರಿ, ಹೊಸ ಒಟಿಪಿ ತರಿಸಬೇಕಾಗುತ್ತಿತ್ತು. ಕೋರಿಕೆಗೆ ಆ ಕಡೆಯಿಂದ ಉತ್ತರವಿಲ್ಲ.

ಅಡುಗೆಯಕ್ಕ ಎಂಟು ಮಕ್ಕಳ ಅಕ್ಕಿಯಲ್ಲಿ ಹತ್ತು ಮಕ್ಕಳಿಗೆ ಬಡಿಸುತ್ತಿದ್ದರು. ಅನ್ನ, ಸಾರು ಹೇಗೋ ಸಾಲುತ್ತಿತ್ತು. ಮೊಟ್ಟೆ ಸಾಲುತ್ತಿರಲಿಲ್ಲ. ಬೇಯಿಸಿದ ಎರಡು ಮೊಟ್ಟೆಗಳನ್ನು ಹೊಲಿಗೆ ದಾರದಿಂದ ಕತ್ತರಿಸುವರು. ಚಾಕುವಿನಲ್ಲಿ ಕೊಯ್ದರೆ ಹಳದಿ ಪುಡಿಯಾಗುತ್ತದೆ, ದಾರದಲ್ಲಿ ಆಗುವುದಿಲ್ಲ. ಚಿಕ್ಕ ಮಕ್ಕಳು ಆರು ಜನಕ್ಕೆ ಇಡೀ ಮೊಟ್ಟೆ, ದೊಡ್ಡವರು ನಾಲ್ವರಿಗೆ ಅರ್ಧರ್ಧ. ದೊಡ್ಡವರಲ್ಲಿ ಅವರ ಮೊಮ್ಮಗಳೂ ಇದ್ದಳು.

"ಯಾಕಜ್ಜಿ ನಂಗೆ ಅರ್ಧ?" ಎಂದು ಅವಳು ಕೇಳಿದರೆ, "ನೀನು ದಪ್ಪಗಿದೀಯ ಕಣೇ, ತಿನ್ನು," ಎನ್ನುವರು.

ಸೆಪ್ಟೆಂಬರಿನ ಕ್ಲಸ್ಟರ್ ಸಭೆಯಲ್ಲಿ ನನ್ನ ಸಪ್ಪೆ ಮುಖ ನೋಡಿ ಪಕ್ಕದ ಶಾಲೆಯ ಮೇಷ್ಟ್ರೊಬ್ಬರು ವಿಷಯ ಕೇಳಿದರು. ಹೇಳಿದೆ.

"ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಾ ಮೇಡಂ? ಹೊಸದಾಗೇ ಸೇರಿಸ್ಬಿಡಿ. ಎಲ್ಲೂ ಓದಿಲ್ಲ ಅನ್ನಿ, ಆಧಾರ್ ಇಲ್ಲ ಅನ್ನಿ, ಹುಟ್ಟಿದ್ದು ಜೂನ್ ಒಂದು ಅಂತ ಹಾಕಿ. ಹೊಸ ನಂಬರ್ ಬರ್ತದೆ. ಯಾರು ನೋಡ್ತಾರೆ?"

ಶಾಲೆಗೇ ಬಾರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ಸೇರಿಸಲು ಅವಕಾಶವಿದೆ. ಇವರು ಅಂಥ ಮಕ್ಕಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅತಿಥಿ ಶಿಕ್ಷಕಿಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅಕ್ಕನ ಹೆಸರು, ತಮ್ಮನ ಹೆಸರು, ತಂದೆ, ತಾಯಿ. ಹಿಂದಿನ ಶಾಲೆ: ಇಲ್ಲ. ಮೇಜಿನ ಮೇಲಿದ್ದ ನನ್ನ ಗಂಡನ ಫೋನು ಸದ್ದು ಮಾಡಿತು. ಅವರಿದ್ದಿದ್ದರೆ ಇಲ್ಲಿ ನಿಲ್ಲಿಸಿ ಏನೋ ಒಂದು ಕೇಳುತ್ತಿದ್ದರು. ಕೇಳುವವರಿಲ್ಲದ್ದರಿಂದ ನಾನು ಆರು ಅಂಕೆ ಹಾಕಿದೆ. ಈ ಸಲ ಸಮಯ ಮೀರಲಿಲ್ಲ.

ಹತ್ತಾಯಿತು. ಸಿಆರ್‌ಪಿ ಫೋನ್ ಮಾಡಿ, "ಸದ್ಯ, ನಿಮ್ ಶಾಲೆ ಉಳೀತು ಬಿಡಿ ಮೇಡಂ" ಎಂದರು. ಮೊಟ್ಟೆಯೂ ಹತ್ತು ಬರತೊಡಗಿತು. ನಾನು ಅಡುಗೆಯಕ್ಕನಿಗೆ ಹೇಗೆ ಸೇರಿಸಿದೆ ಎಂದು ಹೇಳಲಿಲ್ಲ. ಅವರು ಆ ಶನಿವಾರ ಮನೆಯಿಂದ ಬೆಲ್ಲ ತಂದು ಮಕ್ಕಳಿಗೆ ಸಿಹಿ ಪೊಂಗಲ್ ಮಾಡಿದರು.

ಡಿಸೆಂಬರಿನಲ್ಲಿ ಯಾದಗಿರಿ ಕಡೆಯ ಆ ಮೇಷ್ಟ್ರೇ ಫೋನ್ ಮಾಡಿದರು. ನಾನು ಮೂರನೇ ತರಗತಿಯವರಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಹೊರಗೆ ಬಂದು ಮಾತಾಡಿದೆ.

"ಮೇಡಮ್ಮಾರ, ಒಂದೇ ಹುಡುಗಿ ಎರಡು ಸಾಲ್ಯಾಗ ಹ್ಯಾಂಗ ಕುಂದ್ರತಾಳ್ರೀ?"

ನಾನು ಬಾಗಿಲಿನಿಂದ ಇನ್ನಷ್ಟು ದೂರ ನಡೆದೆ.

ಅವರು ಬೈಯಲಿಲ್ಲ. ನಿಧಾನಕ್ಕೆ ವಿಷಯ ಹೇಳಿದರು. ಐದನೇ ತರಗತಿಯ ಮಕ್ಕಳು ಸರ್ಕಾರದ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಆಯ್ಕೆಯಾದರೆ ಆರರಿಂದ ಹತ್ತನೇ ತರಗತಿಯವರೆಗೆ ಊಟ, ವಸತಿ, ಓದು ಎಲ್ಲ ಅಲ್ಲೇ. ಅವರು ಅಕ್ಕನ ಅರ್ಜಿಯನ್ನು ತಮ್ಮ ಜಿಲ್ಲೆಯ ಶಾಲೆಗೆ ಹಾಕಲು ಹೋಗಿದ್ದರು. ಅದೇ ಹೆಸರು, ಅದೇ ತಂದೆ ತಾಯಿ ಇನ್ನೊಂದು ಜಿಲ್ಲೆಯಲ್ಲಿ ಇರುವುದರಿಂದ ಅರ್ಜಿ ತಡೆಹಿಡಿಯಲಾಗಿತ್ತು. ಎರಡರಲ್ಲಿ ಯಾವುದು ಸರಿಯೆಂದು ಶಾಲೆಗಳು ಬರೆದು ಕೊಡಬೇಕು. ಕೊನೆಯ ದಿನಕ್ಕೆ ಇನ್ನು ಎಂಟು ದಿನ.

"ನಾ ನಂದು ತೆಗದ್ರ ಆ ಹುಡುಗಿ ನಾಲ್ಕು ವರ್ಷ ಓದಿದ್ದೇ ಇಲ್ಲ ಅಂತಾಗ್ತದ. ನಮ್ಮ ಜಿಲ್ಲೆ ಸೀಟೂ ಸಿಗಂಗಿಲ್ಲ. ನೀವು ತೆಗೀರಿ. ಕಂಪ್ಲೇಂಟ್ ಬರ್ಯಾಂವ ನಾನಲ್ಲ. ನಿಮ್ಮ ತ್ರಾಸು ನಂಗ ಗೊತ್ತದ."

ಅಕ್ಕನದನ್ನು ತೆಗೆದರೆ ಒಂಬತ್ತು.

ಮೂರು ದಿನ ನಾನು ಏನೂ ಮಾಡಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಇಳಿದು, ನಡೆದು, ಪಾಠ ಮಾಡಿ, ಮತ್ತೆ ಬಸ್ಸಿಗೆ ನಿಂತೆ. ಆ ವರ್ಷವೆಲ್ಲ ನಾನು ಹೀಗೆಯೇ ದಿನ ದೂಡಿದ್ದು, ಹಾಗಾಗಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಅಕ್ಕ ಮಾತ್ರ ಒಮ್ಮೆ, "ಮಿಸ್, ಊರಿನ ಸರ್ ಫೋನ್ ಮಾಡಿದ್ರೇನ್ರಿ?" ಎಂದು ಕೇಳಿದಳು. ಅವಳಿಗೆ ಪರೀಕ್ಷೆಯ ವಿಷಯ ಗೊತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಗುಲಾಬಿ ತೋಟಕ್ಕೆ ಹೋದೆ. ಅವಳ ತಾಯಿ ಹೂವಿನ ಕಟ್ಟುಗಳನ್ನು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸುತ್ತಿದ್ದಳು. ಮುಳ್ಳು ಚುಚ್ಚದಂತೆ ಬೆರಳುಗಳಿಗೆ ಬಿಳಿ ಟೇಪು ಸುತ್ತಿಕೊಂಡಿದ್ದಳು. ನಾನು ಮಾಡಿದ್ದನ್ನು ಹೇಳಿದೆ. ಅವಳಿಗೆ ನಂಬರು, ಪಟ್ಟಿ ಇದೆಲ್ಲ ಅಷ್ಟಾಗಿ ಅರ್ಥವಾಗಲಿಲ್ಲ. ಅರ್ಥವಾದದ್ದನ್ನು ಕೇಳಿದಳು.

"ಪರೀಕ್ಷಾ ಬರೀತಾಳಲ್ರಿ ಹಂಗಾರ?"

"ನಾನು ತೆಗೆದ್ರೆ ಬರೀತಾಳೆ."

"ತೆಗೀರಿ ಮತ್ತ. ತೋಟದ ಮೇಸ್ತ್ರಿ ಈಗೇ ಕೇಳಕತ್ತಾನ, ಮಗಳು ದೊಡ್ಡಕಿ ಆದ್ಲು, ಕೆಲಸಕ್ಕ ಯಾವಾಗ ಕರ್ಕೊಂಡು ಬರ್ತೀ ಅಂತ. ಹಾಸ್ಟೆಲಿಗೆ ಹೋದ್ರ ಕೇಳಂಗಿಲ್ಲ." ಮಾತಾಡುತ್ತಲೇ ಇನ್ನೊಂದು ಕಟ್ಟು ತೆಗೆದುಕೊಂಡಳು. ಬಯ್ಗುಳವೇನೂ ಇರಲಿಲ್ಲ.

ಹಿಂದಿರುಗಿ ಬಂದಾಗ ಅಡುಗೆಯಕ್ಕ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

"ಒಂಬತ್ತಾದ್ರೆ ಸ್ಕೂಲು ಹೋಯ್ತಾ?"

"ಹೋಗತ್ತೆ ಅಂತ ಕಾಣತ್ತೆ."

"ನನ್ ಕೆಲ್ಸಾನೂ?"

"ಹೂಂ. ಅದಕ್ಕೇ ನಿಮ್ಮನ್ನ ಒಂದು ಮಾತು ಕೇಳೋಣ ಅಂತ..."

ಅವರು ಉಜ್ಜುವುದನ್ನು ನಿಲ್ಲಿಸಿದರು. "ಸೇರಿಸೋವಾಗ ಕೇಳಿದ್ರಾ ಮೇಡಮ್ಮೋರೆ? ಆಗ ನೀವೇ ಸೇರಿಸ್ಕೊಂಡ್ರಿ. ಈಗ ತೆಗೆಯೋವಾಗ ನಾನು ಹೂಂ ಅನ್ಬೇಕಾ? ನಾನು ಬೇಡ ಅಂದ್ರೆ ಬಿಡ್ತೀರಾ?"

"ಇಲ್ಲ."

"ಮತ್ತೆ ಸುಮ್ನೆ ಎದ್ದೋಗಿ. ಸೀರೆ ನೆನೀತದೆ." ಎಂದು ಬೂದಿ ತೆಗೆದುಕೊಂಡು ಮತ್ತೆ ಉಜ್ಜತೊಡಗಿದರು.

ಇಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಆಗಲೇ. ಅಲ್ಲಿಯವರೆಗೆ ನಿರ್ಧಾರ ಮಾಡಿದ್ದೇನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅಳಿಸಲು ನಾಲ್ಕು ಕಾಗದ ಬೇಕು. ಶಾಲೆಯ ಲೆಟರ್‌ಹೆಡ್‌ನಲ್ಲಿ ಕೋರಿಕೆ, ದಾಖಲಾತಿ ಪುಸ್ತಕದ ಪುಟದ ನಕಲು, ಪೋಷಕರ ಸಮಿತಿಯ ಅಧ್ಯಕ್ಷರ ಸಹಿ ಇರುವ ನಿರ್ಣಯ, ತಪ್ಪು ಹೇಗಾಯಿತು ಎಂಬ ವಿವರಣೆ. ಅಧ್ಯಕ್ಷರೆಂದರೆ ಟ್ರ್ಯಾಕ್ಟರ್ ಓಡಿಸುವವರು. ಹೊಲದ ಬದುವಿನಲ್ಲೇ ಟ್ರ್ಯಾಕ್ಟರ್ ನಿಲ್ಲಿಸಿ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಕೊಟ್ಟರು. ವಿವರಣೆಯನ್ನು ನಾನು ಮೂರು ಸಲ ಬರೆದೆ. ಮೊದಲು "ಕಣ್ತಪ್ಪಿನಿಂದ" ಎಂದು ಬರೆದಿದ್ದೆ. ಆಮೇಲೆ "ತಾಂತ್ರಿಕ ಕಾರಣದಿಂದ" ಎಂದು. ಕೊನೆಗೆ, ಮಕ್ಕಳು ಬೇರೆ ಶಾಲೆಯಲ್ಲಿ ದಾಖಲಾಗಿರುವುದು ತಿಳಿದಿದ್ದೂ ನಾನೇ ಸೇರಿಸಿದ್ದೇನೆ ಎಂದು ಬರೆದು ಸಹಿ ಮಾಡಿದೆ.

ತಾಲ್ಲೂಕು ಕಚೇರಿಯ ಗುಮಾಸ್ತರು ಎರಡು ಹೆಸರು ನೋಡಿ ತಲೆಯೆತ್ತಿದರು. "ಮೇಡಂ, ನಮಗೆ ಬಂದಿರೋದು ಹುಡುಗೀದು ಒಂದೇ. ಹುಡುಗಂದು ಯಾರೂ ಕೇಳಿಲ್ವಲ್ಲ?"

"ಅದೂ ನಾನೇ ಹಾಗೆ ಸೇರಿಸಿದ್ದು."

"ನೋಟಿಸ್ ಬರತ್ತೆ ನಿಮಗೆ."

"ಬರಲಿ."

ಒಂಬತ್ತಾದರೂ ಎಂಟಾದರೂ ಪಟ್ಟಿಯಲ್ಲಿ ಒಂದೇ. ಹುಡುಗನನ್ನು ಬಿಟ್ಟಿದ್ದರೆ ಎರಡು ವರ್ಷದ ನಂತರ ಅವನ ಅರ್ಜಿಯೂ ಎಲ್ಲೋ ನಿಲ್ಲುತ್ತಿತ್ತು.

ಗುಮಾಸ್ತರು ಕಂಪ್ಯೂಟರ್ ತಮ್ಮ ಕಡೆಗೆ ತಿರುಗಿಸಿಕೊಂಡರು. "ಒಟಿಪಿ ಹೋಗಿದೆ, ಹೇಳಿ. ಇದು ನಿಮ್ ನಂಬರಲ್ವಾ?"

"ನಮ್ಮನೆಯವರದು."

"ಹಂಗಾದ್ರೆ ಅವರಿಗೊಂದು ಫೋನ್ ಮಾಡಿ ಕೇಳ್ಬಿಡಿ, ಬೇಗ. ಎರಡು ನಿಮಿಷದಲ್ಲಿ ಹೋಗ್ಬಿಡತ್ತೆ."

ನಾನು ಬ್ಯಾಗಿನಿಂದ ಅವರ ಫೋನು ತೆಗೆದೆ. ಅಂಕೆಗಳನ್ನು ಓದಿ ಹೇಳಿದೆ. ಗುಮಾಸ್ತರು ಫೋನನ್ನೂ ನನ್ನನ್ನೂ ಒಮ್ಮೆ ನೋಡಿದರು. ಡ್ರಾಯರ್ ತೆಗೆದು ನಂಬರ್ ಬದಲಾವಣೆಯ ಫಾರಂ ಒಂದನ್ನು ಮೆಲ್ಲಗೆ ನನ್ನ ಮುಂದಿಟ್ಟರು. "ಇದನ್ನೂ ಇವತ್ತೇ ತುಂಬ್ಕೊಟ್ಬಿಡಿ ಮೇಡಂ," ಎಂದರು. ಅವರ ಪೆನ್ನನ್ನೇ ಕೇಳಿ ತುಂಬಿ ಕೊಟ್ಟೆ.

ಯಾದಗಿರಿಯ ಮೇಷ್ಟ್ರಿಗೆ ಬಸ್ಸಿನಿಂದಲೇ ಹೇಳಿದೆ. ಮಾರನೆಯ ದಿನ ಅರ್ಜಿ ಹೋಯಿತು. "ಭಾಳ ದೊಡ್ಡ ಕೆಲಸ ಆತು" ಎಂದರು. ನನ್ನ ಶಾಲೆಯ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಡುಗಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸತೊಡಗಿದಳು. ಎಂಟು ಮೊಟ್ಟೆಗಳಿಗೆ ಮರಳಿದೆವು. ಅಡುಗೆಯಕ್ಕ ಮತ್ತೆ ಹೊಲಿಗೆ ದಾರ ಕೈಗೆತ್ತಿಕೊಂಡರು. ಒಂದು ವಾರ ನನ್ನ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದರು.

ನನಗೆ ನೋಟಿಸ್ ಬಂತು, ಉತ್ತರ ಕೊಟ್ಟೆ. ಶಾಲೆಯ ಹೆಸರು ಪಟ್ಟಿಗೆ ಹೋಯಿತು. ಫೆಬ್ರವರಿಯಲ್ಲಿ ಹುಡುಗಿ ಊರಿಗೆ ಹೋಗಿ ಪರೀಕ್ಷೆ ಬರೆದಳು, ಯುಗಾದಿಗೆಂದು ಊರಿಗೆ ಹೋದ ಅವಳ ಮನೆಯವರು ಮತ್ತೆ ಈ ಕಡೆ ಬರಲಿಲ್ಲ. ಮೊದಲ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. "ಎರಡನೇದು ನೋಡೂಣ್ರೀ" ಎಂದಿದ್ದಾರೆ ಮೇಷ್ಟ್ರು.

ವಿಲೀನದ ಆದೇಶ ಬಂದ ದಿನ ಊರಿನ ಏಳೆಂಟು ಗಂಡಸರು ಶಾಲೆಯ ಮುಂದೆ ಸೇರಿದರು. "ನಮ್ಮೂರ ಸ್ಕೂಲಿಗೆ ಬೀಗ ಹಾಕೋಕೆ ಯಾರ್ರೀ ಇವ್ರು?" ಎಂದು ಜೋರು ಮಾಡಿದರು. ಯಜಮಾನರೂ ಇದ್ದರು.  ನಾನು ಕಪಾಟಿನಿಂದ ದಾಖಲಾತಿ ಪುಸ್ತಕಗಳನ್ನು ತೆಗೆದು ಚೀಲಕ್ಕೆ ಹಾಕುವಾಗ ಅವರು ಒಂದು ಪುಸ್ತಕ ಕೇಳಿ ತೆಗೆದುಕೊಂಡರು. ತಮ್ಮ ಹೆಸರಿನ ಪುಟ ಹುಡುಕಿ ನೋಡಿ ಹಿಂದಕ್ಕೆ ಕೊಟ್ಟರು.

ಈ ಜೂನ್‌ನಲ್ಲಿ ಮೊದಲ ದಿನ ಮಕ್ಕಳನ್ನು ಹಳೆಯ ಶಾಲೆಯ ಹತ್ತಿರ ಸೇರಿಸಿಕೊಂಡು ಹೈವೇ ಆಚೆಯ ಶಾಲೆಗೆ ಹೊರಟೆ. ಎಂಟರಲ್ಲಿ ಏಳು ಮಕ್ಕಳು ಬಂದಿದ್ದರು. ಕೈ ಕೈ ಹಿಡಿದುಕೊಳ್ಳಿ ಎಂದು ಕನ್ನಡದಲ್ಲಿ ಹೇಳಿದೆ, ತಿಳಿಯದವರಿಗೆ ಹಿಡಿದು ತೋರಿಸಿದೆ. ಹೈವೇ ಹತ್ತಿರ ಬಂದಾಗ ಅಡುಗೆಯಕ್ಕ ಅಲ್ಲಿ ನಿಂತಿದ್ದರು. ಮೊಮ್ಮಗಳನ್ನು ಬಿಡಲು ಬಂದಿರಬೇಕು ಅಂದುಕೊಂಡೆ. ಮೊಮ್ಮಗಳು ನನ್ನ ಜೊತೆಯೇ ಇದ್ದಳು.

ಲಾರಿಗಳು ಬಿಡುವಿಲ್ಲದೆ ಹೋಗುತ್ತಿದ್ದವು. ಐದು ನಿಮಿಷ ನಿಂತೆವು. ನೇಪಾಳದವರ ಹುಡುಗಿ ನನ್ನ ಸೆರಗು ಹಿಡಿದುಕೊಂಡಳು. ಅಡುಗೆಯಕ್ಕ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಮೇಲೆತ್ತಿ ರಸ್ತೆಯ ನಡುವಿಗೆ ನಡೆದರು. ಲಾರಿಯೊಂದು ಕೀರೆಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಏನೋ ಬೈದ.

"ನಿನ್ ಮಕ್ಳೂ ಹಿಂಗೇ ದಾಟ್ತವೆ, ನಿಲ್ಸೋ ಸುಮ್ನೆ," ಎಂದು ಇವರೂ ಬೈದರು. ನಮ್ಮ ಕಡೆ ತಿರುಗಿ ಬನ್ನಿ ಎಂದು ಕೈ ಮಾಡಿದರು.

ದಾಟಿದೆವು. ಆಚೆ ಬದಿಯಲ್ಲಿ ನಾನು ಮಕ್ಕಳನ್ನು ಎಣಿಸುತ್ತಿರುವಾಗ ಅವರು ಹಿಂದಿರುಗಿ ಹೊರಟಿದ್ದರು. ನಾಲ್ಕು ಹೆಜ್ಜೆ ಹೋಗಿ ನಿಂತರು.

"ಸಾಯಂಕಾಲ ಎಷ್ಟೊತ್ಗೆ ಬಿಡ್ತಾರೆ ಮೇಡಮ್ಮೋರೆ?"

"ನಾಲ್ಕೂ ಇಪ್ಪತ್ತಕ್ಕೆ."

"ಸರಿ, ಬರ್ತೀನಿ," ಎಂದರು.